ಬರಿದೆಂದು ಬಗೆದ ನೆಲದ ಮೇಲೆ: ಪ್ಯಾರಿಸ್–ಡಾಕರ್ ಮೋಟಾರು ಓಟದ ಕಥೆ

(ಉಪನ್ಯಾಸದ ಬರಹರೂಪ)



ಆಫ್ರಿಕಾದ ನೈಜರ್ ದೇಶದಲ್ಲಿ, ಸಹಾರಾ ಮರುಭೂಮಿಯ ನಡುವೆ, ತೆನೆರೆ ಎಂಬ ವಿಸ್ತಾರವಾದ ಮರಳುಬಯಲಿದೆ. ಆ ಬಯಲಿನಲ್ಲಿ ಒಂದು ಕಾಲಕ್ಕೆ ಒಂಟಿಯಾಗಿ ನಿಂತ ಜಾಲಿಯ ಮರವೊಂದಿತ್ತು. ಅದರ ಸುತ್ತ ನೂರಾರು ಕಿಲೋಮೀಟರು ದೂರಕ್ಕೆ ಇನ್ನೊಂದು ಮರವಿರಲಿಲ್ಲ. 1930ರ ದಶಕದ ಕೊನೆಯಲ್ಲಿ ಅದರ ಪಕ್ಕದಲ್ಲಿ ಬಾವಿ ತೋಡಿದವರಿಗೆ, ಅದರ ಬೇರುಗಳು ಮೂವತ್ತು ಮೀಟರಿಗೂ ಆಳದಲ್ಲಿದ್ದ ಅಂತರ್ಜಲದವರೆಗೆ ಇಳಿದಿರುವುದು ಕಂಡುಬಂತು. ಅಗಾದೆಜ್ ಪಟ್ಟಣದಿಂದ ಬಿಲ್ಮಾದ ಓಯಸಿಸ್ಸಿಗೆ ಉಪ್ಪು ತರಲು ಹೋಗುತ್ತಿದ್ದ ಟುವಾರೆಗ್ ಜನರ ಒಂಟೆಯ ಸಾರ್ಥಗಳಿಗೆ ಆ ಮರವೇ ದಾರಿಯ ಗುರುತು. ಅಲ್ಲಿ ತಂಗಿದವರು ರಾತ್ರಿಯ ಚಳಿಗೆಂದು ಅದರ ಕೊಂಬೆ ಮುರಿಯುತ್ತಿರಲಿಲ್ಲ. ಹಸಿದ ಒಂಟೆಯನ್ನೂ ಅದರ ಎಲೆಗೆ ಬಾಯಿ ಹಾಕಗೊಡುತ್ತಿರಲಿಲ್ಲ. ದೇವರಕಾಡುಗಳ ಕಟ್ಟಳೆಯನ್ನು ಬಲ್ಲ ಮಲೆನಾಡಿಗರಿಗೆ ಇದೇನೂ ಹೊಸ ಸಂಗತಿಯಲ್ಲ. 1973ರಲ್ಲಿ ಲಾರಿಯೊಂದು ಆ ಮರಕ್ಕೆ ಗುದ್ದಿ ಅದನ್ನು ಕೆಡವಿತು. ಚಾಲಕ ಕುಡಿದಿದ್ದನೆಂದು ಹೇಳುತ್ತಾರೆ. ಎತ್ತ ತಿರುಗಿದರೂ ಖಾಲಿಯಾಗಿ ಕಾಣುವ ಬಯಲಿನಲ್ಲಿ ಇದ್ದ ಒಂದೇ ಮರ ಯಂತ್ರಕ್ಕೆ ಸಿಕ್ಕಿತು. ಅದರ ಕಾಂಡವನ್ನು ರಾಜಧಾನಿ ನಿಯಾಮೆಯ ವಸ್ತುಸಂಗ್ರಹಾಲಯಕ್ಕೆ ಸಾಗಿಸಿ, ಮರವಿದ್ದ ಜಾಗದಲ್ಲಿ ಲೋಹದ ಮರವೊಂದನ್ನು ನೆಟ್ಟರು.

ಆ ದುರ್ಘಟನೆಗೆ ಕಾರಣವಾದದ್ದು ಒಂದೇ ಲಾರಿ. ಹತ್ತು ವರ್ಷ ಕಳೆಯುವುದರೊಳಗೆ ಅದೇ ತೆನೆರೆಯ ಮೇಲೆ ಜನವರಿ ಬಂತೆಂದರೆ ನೂರಾರು ಕಾರು, ಲಾರಿ, ಮೋಟಾರ್ ಸೈಕಲ್‌ಗಳು ಪೈಪೋಟಿಗೆ ಬಿದ್ದು ಓಡತೊಡಗಿದವು. ಪ್ಯಾರಿಸ್–ಡಾಕರ್ ರ‍್ಯಾಲಿ ಎಂದು ಜಗತ್ತಿನಾದ್ಯಂತ ಹೆಸರಾದ ಓಟ ಅದು. ಸಾಹಸಕ್ರೀಡೆಯೆಂದು, ಮನುಷ್ಯನ ಛಲದ ಪರೀಕ್ಷೆಯೆಂದು ಅದನ್ನು ಕೊಂಡಾಡಿದ ಬರಹಗಳಿಗೆ ಲೆಕ್ಕವಿಲ್ಲ. ಆ ಛಲ ಸುಳ್ಳೂ ಅಲ್ಲ. ಆದರೆ ಓಟದ ಇತಿಹಾಸವನ್ನು ಓಟಗಾರನ ಆಸನದಲ್ಲಿ ಕುಳಿತು ನೋಡುವುದು ಒಂದು ಬಗೆಯಾದರೆ, ಅದು ಹಾದುಹೋದ ಊರಿನ ಅಂಚಿನಲ್ಲಿ ನಿಂತು ನೋಡುವುದು ಇನ್ನೊಂದು ಬಗೆ. ಎರಡನೆಯ ನೋಟಕ್ಕೆ ಬರಹಗಾರರು ಒದಗಿದ್ದು ಕಡಿಮೆ.

ಓಟದ ಮೂಲಪುರುಷ ತಿಯೆರಿ ಸಬೀನ್ ಎಂಬ ಫ್ರೆಂಚ್ ಯುವಕ. 1977ರಲ್ಲಿ ಐವರಿ ಕೋಸ್ಟಿನ ಅಬಿಜಾನ್‌ನಿಂದ ಫ್ರಾನ್ಸಿನ ನೀಸ್ ನಗರದವರೆಗೆ ನಡೆದ ಓಟದಲ್ಲಿ ಮೋಟಾರ್ ಸೈಕಲ್ ಏರಿ ಹೊರಟಿದ್ದ ಆತ ಸಹಾರಾದಲ್ಲಿ ದಾರಿ ತಪ್ಪಿದ. ನೀರಿಲ್ಲದೆ, ನೆರಳಿಲ್ಲದೆ ಅಲೆದು, ಕೊನೆಗೆ ವಿಮಾನದಲ್ಲಿ ಹುಡುಕಿಕೊಂಡು ಬಂದವರ ಕಣ್ಣಿಗೆ ಬಿದ್ದು ಬದುಕಿಕೊಂಡ. ಸಾವಿನ ಬಾಯಿಂದ ಮರಳಿದ ಮನುಷ್ಯ ಆ ಕಡೆ ಮತ್ತೆ ತಲೆ ಹಾಕಬಾರದು ಎಂದುಕೊಳ್ಳುವುದು ಸಹಜ. ಸಬೀನ್‌ಗೆ ಮಾತ್ರ ಮರುಭೂಮಿಯ ಮೋಹ ಹತ್ತಿತು. ತಾನು ಕಂಡ ಆ ಬೆರಗನ್ನು ಇತರರಿಗೂ ಕಾಣಿಸಬೇಕೆಂದು ಆತ ಮರುವರ್ಷವೇ ಓಟವೊಂದನ್ನು ಏರ್ಪಡಿಸಿದ. 1978ರ ಡಿಸೆಂಬರ್ 26ರಂದು ಪ್ಯಾರಿಸ್ಸಿನ ಟ್ರೋಕಡೆರೊ ಚೌಕದಿಂದ 182 ವಾಹನಗಳು ಹೊರಟವು. ಮೆಡಿಟರೇನಿಯನ್ ಕಡಲನ್ನು ದಾಟಿ, ಅಲ್ಜೀರಿಯಾ, ನೈಜರ್, ಮಾಲಿ, ಅಂದಿನ ಅಪ್ಪರ್ ವೋಲ್ಟಾಗಳನ್ನು ಹಾದು, ಸುಮಾರು 10,000 ಕಿಲೋಮೀಟರು ಸಾಗಿ ಸೆನೆಗಲ್‌ನ ರಾಜಧಾನಿ ಡಾಕರ್ ತಲುಪಬೇಕಿತ್ತು. ಜನವರಿ 14ರಂದು ಗುರಿ ಮುಟ್ಟಿದಾಗ ಉಳಿದಿದ್ದ ವಾಹನಗಳು 74. ಯಮಹಾ ಮೋಟಾರ್ ಸೈಕಲ್ಲಿನ ಸಿರಿಲ್ ನೆವೋ ಎಂಬ ತರುಣ ಗೆದ್ದ. ಸವಾರನೊಬ್ಬ ಅಗಾದೆಜ್ ಬಳಿ ಸತ್ತ.

ಈ ದೇಶಗಳ ಪಟ್ಟಿಯನ್ನು ಇನ್ನೊಮ್ಮೆ ನೋಡಬೇಕು. ಎಲ್ಲವೂ ಒಂದು ಕಾಲಕ್ಕೆ ಫ್ರಾನ್ಸಿನ ಆಳ್ವಿಕೆಯಲ್ಲಿದ್ದವು. ಅಲ್ಜೀರಿಯಾ ದೀರ್ಘವಾದ ರಕ್ತಸಿಕ್ತ ಹೋರಾಟದ ನಂತರ 1962ರಲ್ಲಿ ಬಿಡುಗಡೆ ಪಡೆಯಿತು, ಉಳಿದವು 1960ರಲ್ಲಿ. ಅಂದರೆ ಯಜಮಾನನು ಬಿಟ್ಟುಹೋಗಿ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಯಜಮಾನನ ಮಕ್ಕಳು ಆಟಕ್ಕೆಂದು ಅದೇ ಅಂಗಳಕ್ಕೆ ಬಂದರು. ಬಂದವರ ಮನಸ್ಸಿನಲ್ಲಿ ದುರುದ್ದೇಶವಿತ್ತು ಎನ್ನಲಾಗದು. ಅವರು ನೋಡಿದ ನಕ್ಷೆಯಲ್ಲಿ ಆ ನೆಲ ಖಾಲಿಯಾಗಿತ್ತು, ಅಷ್ಟೇ.

ಸಬೀನ್ ತನ್ನ ಓಟಕ್ಕೆ ಒಂದು ಘೋಷವಾಕ್ಯವನ್ನೂ ಕೊಟ್ಟಿದ್ದ: ಹೊರಟವರಿಗೆ ಸವಾಲು, ಉಳಿದವರಿಗೆ ಕನಸು. ಹೊರಟವರೆಂದರೆ ಸ್ಪರ್ಧಿಗಳು. ಉಳಿದವರೆಂದರೆ ಜನವರಿಯ ಚಳಿಯಲ್ಲಿ ಟಿ.ವಿ.ಯ ಮುಂದೆ ಕುಳಿತ ಯೂರೋಪಿನ ಪ್ರೇಕ್ಷಕರು. ಹೊರಡದೆಯೂ ಉಳಿಯದೆಯೂ, ಮೊದಲಿನಿಂದಲೂ ಅಲ್ಲಿಯೇ ಇದ್ದವರ ಪ್ರಸ್ತಾಪ ಆ ವಾಕ್ಯದಲ್ಲಿಲ್ಲ. ಟುವಾರೆಗರು, ಮೂರರು, ಟುಬೂಗಳು, ದನಗಾಹಿ ಫುಲಾನಿಗಳು ಶತಮಾನಗಳಿಂದ ಆ ನೆಲವನ್ನು ಬಳಸುತ್ತ ಬಂದವರು. ಯಾವ ಬಾವಿಯ ನೀರು ಯಾವ ತಿಂಗಳಲ್ಲಿ ಒಗರಾಗುತ್ತದೆ, ಎಲ್ಲಿ ಹನಿದ ಮಳೆಗೆ ಎಷ್ಟು ದಿನಕ್ಕೆ ಹುಲ್ಲು ಚಿಗುರುತ್ತದೆ ಎಂಬುದು ಅವರ ಬದುಕಿನ ಲೆಕ್ಕಾಚಾರ. ಪಹಣಿಯಲ್ಲಿ ‘ಖರಾಬು’ ಎಂದು ಬರೆದ ನೆಲದಲ್ಲಿ ದನ ಮೇಯುತ್ತದೆ, ಸೊಪ್ಪು-ಸೌದೆ ಸಿಗುತ್ತದೆ, ಹಳ್ಳ ಹುಟ್ಟುತ್ತದೆ ಎಂಬುದನ್ನು ಮಲೆನಾಡಿನ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಹಾರಾ ಎಂಬುದು ಪರಕೀಯರ ಕಡತದಲ್ಲಿ ಅಂಥದೊಂದು ಖರಾಬು ನೆಲವಾಗಿತ್ತು.

ಓಟದ ವ್ಯವಸ್ಥೆ ಹೇಗಿತ್ತೆಂಬುದನ್ನು ತುಸು ತಿಳಿದುಕೊಂಡರೆ ಮುಂದಿನ ಸಂಗತಿಗಳು ಅರ್ಥವಾಗುತ್ತವೆ. ಪ್ರತಿದಿನದ ದಾರಿಯಲ್ಲಿ ಎರಡು ಭಾಗ. ಒಂದು, ಗಡಿಯಾರದ ವಿರುದ್ಧ ಓಡುವ ಭಾಗ. ಇದು ಮರಳು, ಕಲ್ಲುನೆಲ, ಒಣಗಿದ ಹೊಳೆಪಾತ್ರಗಳಲ್ಲಿ ಸಾಗುತ್ತದೆ. ಇನ್ನೊಂದು, ಅಲ್ಲಿಗೆ ತಲುಪಲು ಮತ್ತು ಅಲ್ಲಿಂದ ರಾತ್ರಿಯ ಬಿಡಾರಕ್ಕೆ ಸೇರಲು ಊರವರ ಸಾಮಾನ್ಯ ರಸ್ತೆಗಳಲ್ಲಿ ಮಾಡುವ ಪ್ರಯಾಣ. ದಾರಿ ತೋರಿಸಲು ‘ರೋಡ್‌ಬುಕ್’ ಎಂಬ ಸುರುಳಿ, ದಿಕ್ಸೂಚಿ. ಉಪಗ್ರಹ ಆಧಾರಿತ ಜಿ.ಪಿ.ಎಸ್. ಬಂದದ್ದು 1992ರಲ್ಲಿ. ಸ್ಪರ್ಧಿಗಳ ಹಿಂದೆ ಅವರ ಚಕ್ರ, ಎಂಜಿನ್, ಬಿಡಿಭಾಗಗಳನ್ನು ಹೊತ್ತ ನೆರವಿನ ಲಾರಿಗಳು. ಸ್ಪರ್ಧಿಯು ಬಿಡಾರ ಸೇರುವ ಹೊತ್ತಿಗೆ ಲಾರಿಯೂ ಅಲ್ಲಿರಬೇಕು. ಹೀಗಾಗಿ ಪೈಪೋಟಿಯಲ್ಲಿ ಇಲ್ಲದ ವಾಹನಗಳಿಗೂ ಧಾವಂತ ತಪ್ಪಿದ್ದಲ್ಲ. ಆಕಾಶದಲ್ಲಿ ಹೆಲಿಕಾಪ್ಟರ್, ಸರಕಿನ ವಿಮಾನ. ದಾರಿಯುದ್ದಕ್ಕೂ, ವರ್ಷಕ್ಕೊಮ್ಮೆ ಬರುವ ಈ ಜಾತ್ರೆಯನ್ನು ನೋಡಲು ಧೂಳಿನ ನಡುವೆ ಕಿಕ್ಕಿರಿದ ಮಕ್ಕಳು.

ಮೊದಲ ವರ್ಷಗಳಲ್ಲಿ ಹವ್ಯಾಸಿಗಳೇ ಹೆಚ್ಚಾಗಿದ್ದ ಓಟ 1980ರ ದಶಕದಲ್ಲಿ ದೊಡ್ಡ ಕಂಪೆನಿಗಳ ಕೈಗೆ ಬಂತು. 1982ರಲ್ಲಿ ಅಂದಿನ ಬ್ರಿಟಿಷ್ ಪ್ರಧಾನಿಯ ಮಗ ಮಾರ್ಕ್ ಥ್ಯಾಚರ್ ತನ್ನಿಬ್ಬರು ಸಂಗಡಿಗರೊಡನೆ ಅಲ್ಜೀರಿಯಾದ ಮರುಭೂಮಿಯಲ್ಲಿ ಆರು ದಿನ ಕಾಣೆಯಾದ. ಸೇನೆಯ ವಿಮಾನಗಳು ಹುಡುಕಿ ಅವರನ್ನು ಪತ್ತೆಹಚ್ಚಿದವು. ಈ ಸುದ್ದಿ ಓಟಕ್ಕೆ ತಂದುಕೊಟ್ಟ ಪ್ರಚಾರ ಯಾವ ಜಾಹೀರಾತಿನಿಂದಲೂ ಬರುವಂಥದ್ದಲ್ಲ. ಪೋರ್ಷೆ ಬಂತು, ಮಿತ್ಸುಬಿಷಿ ಬಂತು, ಪೂಜೋ ಬಂತು. 1989ರಲ್ಲಿ ಪೂಜೋ ತಂಡದ ಇಬ್ಬರು ಚಾಲಕರು ಸರಿಸಮನಾಗಿ ಮುಂದಿದ್ದಾಗ, ಇಬ್ಬರೂ ಹೊಡೆದಾಡಿ ಕಾರು ಕೆಡಿಸಿಕೊಂಡಾರೆಂದು ತಂಡದ ಮುಖ್ಯಸ್ಥ ಜಾನ್ ತೋದ್ ನಾಣ್ಯ ಚಿಮ್ಮಿಸಿ ಗೆಲ್ಲುವವನನ್ನು ತೀರ್ಮಾನಿಸಿದ. ಸಹಾರಾದ ಕಠೋರತೆ ವಿಜೇತನನ್ನು ಆರಿಸುತ್ತದೆ ಎಂದು ನಂಬಿದ್ದವರಿಗೆ ಅದು ಕಸಿವಿಸಿಯ ದಿನ.

ಇದೇ ದಶಕದಲ್ಲಿ ಸಹಾರಾದ ದಕ್ಷಿಣದ ಅಂಚಿನ ಸಹೇಲ್ ಪ್ರದೇಶ ಬರದಿಂದ ಬೆಂದುಹೋಗುತ್ತಿತ್ತು. 1960ರ ದಶಕದ ಕೊನೆಯಲ್ಲಿ ಆರಂಭವಾಗಿ 1970ರ ದಶಕದ ಮೊದಲರ್ಧದವರೆಗೆ ನಡೆದ ಬರದ ಪೆಟ್ಟಿನಿಂದ ಜನ ಇನ್ನೂ ಚೇತರಿಸಿಕೊಂಡಿರಲಿಲ್ಲ. 1983–84ರಲ್ಲಿ ಮತ್ತೆ ಮಳೆ ಕೈಕೊಟ್ಟಿತು. ಮಾಲಿ, ನೈಜರ್, ಮಾರಿಟೇನಿಯಾಗಳ ಪಶುಪಾಲಕರು ತಮ್ಮ ಹಿಂಡುಗಳನ್ನೇ ಕಳೆದುಕೊಂಡು ಪಟ್ಟಣಗಳ ಹೊರವಲಯದಲ್ಲಿ ಗುಡಿಸಲು ಹಾಕಿದರು. ಒಂಟೆಯ ಹಿಂದೆ ನಡೆದ ಪೀಳಿಗೆ ಪರಿಹಾರದ ಧಾನ್ಯಕ್ಕಾಗಿ ಸರದಿಯಲ್ಲಿ ನಿಂತಿತು. 1985ರ ಜನವರಿಯಲ್ಲಿಯೂ ಓಟ ಎಂದಿನಂತೆ ನಡೆಯಿತು. ವಾಹನಗಳು ಹೊತ್ತೊಯ್ಯುವ ಇಂಧನ, ಶುದ್ಧ ನೀರು, ಡಬ್ಬಿಯ ಆಹಾರಗಳನ್ನು ಆ ಊರುಗಳ ಮಕ್ಕಳು ಬಿಡಾರದ ಬೇಲಿಯಾಚೆಯಿಂದ ನೋಡಿದರು. ಇದರ ಅರಿವು ಓಟದ ಒಳಗಿನವರಿಗೇ ಆಗದೆ ಇರಲಿಲ್ಲ. 1986ರಲ್ಲಿ ದಾನಿಯೆಲ್ ಬಲಾವೊಯಿನ್ ಎಂಬ ಫ್ರಾನ್ಸಿನ ಜನಪ್ರಿಯ ಗಾಯಕ ಹಳ್ಳಿಗಳಿಗೆ ನೀರೆತ್ತುವ ಪಂಪುಗಳನ್ನು ಒದಗಿಸುವ ಯೋಜನೆಗಾಗಿ ಆಫ್ರಿಕಾಕ್ಕೆ ಬಂದಿದ್ದ. ಜನವರಿ 14ರ ಸಂಜೆ ಮಾಲಿಯಲ್ಲಿ ಆತನೂ ಸಬೀನ್‌ನೂ ಇತರ ಮೂವರೂ ಇದ್ದ ಹೆಲಿಕಾಪ್ಟರ್ ಮರಳುಗಾಳಿಗೆ ಸಿಕ್ಕಿ ನೆಲಕ್ಕಪ್ಪಳಿಸಿತು. ಐವರೂ ಸತ್ತರು. ಸಬೀನ್‌ನ ಚಿತಾಭಸ್ಮವನ್ನು ತೆನೆರೆಯಲ್ಲಿ ಚೆಲ್ಲಲಾಯಿತು.

ಓಟ ನಿಲ್ಲಲಿಲ್ಲ, ಬೆಳೆಯಿತು. 1988ರಲ್ಲಿ ಹೊರಟ ವಾಹನಗಳು ಆರುನೂರಕ್ಕೂ ಹೆಚ್ಚು. ಆ ವರ್ಷ ಮೂವರು ಸ್ಪರ್ಧಿಗಳ ಜೊತೆಗೆ ದಾರಿಬದಿಯ ಸ್ಥಳೀಯರೂ ಸತ್ತರು: ಮಾಲಿಯಲ್ಲಿ ಹತ್ತು ವರ್ಷದ ಒಬ್ಬ ಬಾಲಕಿ, ಮಾರಿಟೇನಿಯಾದಲ್ಲಿ ಒಬ್ಬ ತಾಯಿ ಮತ್ತು ಅವಳ ಮಗಳು. ಆದರೆ ಯೂರೋಪಿನ ಪತ್ರಿಕೆಗಳಲ್ಲಿ ಹೆಚ್ಚು ಸದ್ದು ಮಾಡಿದ್ದು, ಬಮಾಕೊ ನಗರದಲ್ಲಿ ಆರಿ ವಟಾನೆನ್ ಎಂಬ ಚಾಲಕನ ಕಾರು ಕಳುವಾದ ಪ್ರಸಂಗ. ಕಾರು ಸಿಕ್ಕಿತು, ಆದರೆ ಹೊರಡುವ ಸಮಯ ಮೀರಿತೆಂದು ಆತನನ್ನು ಅನರ್ಹಗೊಳಿಸಿದರು. ವ್ಯಾಟಿಕನ್ನಿನ ಪತ್ರಿಕೆ ಮಾತ್ರ ನೇರವಾಗಿ ಬರೆಯಿತು: ಜನ ಹಸಿವು-ಬಾಯಾರಿಕೆಗಳಿಂದ ಸಾಯುವ ಜಾಗದಲ್ಲಿ ಸಂಪತ್ತು ಮತ್ತು ಅಧಿಕಾರದ ಈ ಮೆರವಣಿಗೆ ಅಸಭ್ಯವೆಂದು. 2002ರಲ್ಲಿ ಫ್ರಾನ್ಸಿನ ಅರಾಸ್ ಪಟ್ಟಣದಲ್ಲಿ ಓಟ ಆರಂಭವಾಗುವಾಗ ಪ್ರತಿಭಟಿಸಿದ ಅಲ್ಲಿನ ಹಸಿರು ಪಕ್ಷ ಇದನ್ನು ವಸಾಹತುಶಾಹಿಯೆಂದೇ ಕರೆಯಿತು. ಸಂಘಟಕರೂ ಸುಮ್ಮನಿರಲಿಲ್ಲ, ಆ ಹೊತ್ತಿನಿಂದ ಸಹೇಲ್‌ನಲ್ಲಿ ಕೆಲಸ ಮಾಡುವ ಸ್ವಯಂಸೇವಾ ಸಂಸ್ಥೆಯೊಂದಿಗೆ ಸೇರಿ ಹಳ್ಳಿಗಳ ಅಭಿವೃದ್ಧಿ ಕಾರ್ಯಗಳಿಗೆ ಹಣ ಒದಗಿಸಿದರು. ಅದನ್ನು ಬರಿಯ ತೋರಿಕೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆದರೆ ಓಟ ಎಲ್ಲಿ ಹಾಯಬೇಕು, ಯಾವ ವೇಗದಲ್ಲಿ ಹಾಯಬೇಕು ಎಂಬ ತೀರ್ಮಾನದಲ್ಲಿ ಆ ಹಳ್ಳಿಗಳಿಗೆ ಪಾಲು ಸಿಕ್ಕಲಿಲ್ಲ.

ಸಾವಿನ ಲೆಕ್ಕ ಹೇಳುವುದು ಹಿತವಾದ ಕೆಲಸವಲ್ಲ. ಆದರೂ ಹೇಳಲೇಬೇಕು. ಈ ಓಟದ ಎಲ್ಲ ವರ್ಷಗಳನ್ನು ಸೇರಿಸಿದರೆ ಸತ್ತವರ ಸಂಖ್ಯೆ ಎಪ್ಪತ್ತನ್ನು ಮೀರುತ್ತದೆ. ಅವರಲ್ಲಿ ಸ್ಪರ್ಧಿಗಳು ಅರ್ಧಕ್ಕಿಂತ ಕಡಿಮೆ. ಉಳಿದವರು ನೋಡಲು ನಿಂತವರು, ರಸ್ತೆ ದಾಟುತ್ತಿದ್ದವರು, ವರದಿಗಾರರು, ನೆರವಿನ ಸಿಬ್ಬಂದಿ. 2005ರಲ್ಲಿ ಫಾಬ್ರಿಜಿಯೊ ಮಿಯೋನಿ ಎಂಬ ಹೆಸರಾಂತ ಇಟಾಲಿಯನ್ ಸವಾರ ಸತ್ತಾಗ ಇಡೀ ಕ್ರೀಡಾಲೋಕ ಮರುಗಿತು. ಮರುಗಬೇಕಾದದ್ದೇ. ಅದೇ ವರ್ಷ ಸೆನೆಗಲ್‌ನಲ್ಲಿ ಐದು ವರ್ಷದ ಹುಡುಗಿಯೊಬ್ಬಳು ನೆರವಿನ ಲಾರಿಗೆ ಸಿಕ್ಕಿ ಸತ್ತಳು. 2006ರಲ್ಲಿ ಗಿನಿಯಲ್ಲಿ ಹತ್ತು ವರ್ಷದ ಹುಡುಗ, ಮರುದಿನ ಸೆನೆಗಲ್‌ನಲ್ಲಿ ಹನ್ನೆರಡು ವರ್ಷದ ಇನ್ನೊಬ್ಬ. ಸ್ಪರ್ಧಿಯ ಸಾವನ್ನು ಕುರಿತ ವರದಿಯಲ್ಲಿ ಅವನ ಗೆಲುವುಗಳು, ಅವನ ಸಂಸಾರ, ಅವನ ಕನಸುಗಳೆಲ್ಲ ಬರುತ್ತವೆ. ಈ ಮಕ್ಕಳ ಪಾಲಿಗೆ ಬಹಳ ಕಡೆ ದೊರೆತದ್ದು ವಯಸ್ಸು ಮತ್ತು ದೇಶದ ಹೆಸರು. ಸ್ಪರ್ಧಿಯು ಅಪಾಯವನ್ನು ತಿಳಿದು, ಸಹಿ ಹಾಕಿ, ಹಣ ಕಟ್ಟಿ ಬಂದವನು. ಆ ಮಕ್ಕಳು ಯಾವ ಕಾಗದಕ್ಕೂ ಸಹಿ ಹಾಕಿರಲಿಲ್ಲ.

ನೆಲದ ಕಡೆಗೂ ಗಮನ ಹೊರಳಿಸಬೇಕು. ಮರುಭೂಮಿಯೆಂದರೆ ಗಾಳಿಗೆ ಹಾರಾಡುವ ಸಡಿಲ ಮರಳು ಮಾತ್ರವಲ್ಲ. ಬಹುಭಾಗ ಕಲ್ಲು, ಜಲ್ಲಿ ಮತ್ತು ಗಟ್ಟಿಯಾದ ತೆಳು ಹೊರಪದರದಿಂದ ಮುಚ್ಚಿದೆ. ಕೆಲವೆಡೆ ಆ ಪದರವನ್ನು ಹೆಣೆದಿರುವುದು ಬರಿಗಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಹೂಳನ್ನೂ ಧೂಳನ್ನೂ ಹಿಡಿದಿಟ್ಟುಕೊಂಡಿರುವ ಚರ್ಮ ಅದು. ಭಾರದ ಚಕ್ರ ಒಮ್ಮೆ ಹಾಯ್ದರೆ ಪದರ ಒಡೆಯುತ್ತದೆ. ಅದು ಮತ್ತೆ ಕೂಡಿಕೊಳ್ಳಲು ದಶಕಗಳೇ ಬೇಕು. ಒಡೆದಲ್ಲಿಂದ ಗಾಳಿ ಧೂಳನ್ನು ಎತ್ತುತ್ತದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಭೂಗೋಳಶಾಸ್ತ್ರಜ್ಞ ಆಂಡ್ರ್ಯೂ ಗೌಡಿ 2004ರಲ್ಲಿ ಗ್ಲಾಸ್ಗೋದ ಅಂತರರಾಷ್ಟ್ರೀಯ ಸಮ್ಮೇಳನವೊಂದರಲ್ಲಿ, ಅರ್ಧ ಶತಮಾನದಲ್ಲಿ ಉತ್ತರ ಆಫ್ರಿಕಾದ ಕೆಲವು ಭಾಗಗಳಿಂದ ಏಳುವ ಧೂಳು ಹತ್ತು ಪಟ್ಟು ಹೆಚ್ಚಿದೆಯೆಂದು ವಿವರಿಸಿದರು. ಬರ, ಅತಿಯಾದ ಮೇವು, ಕಾಡುನಾಶಗಳ ಜೊತೆಗೆ, ಒಂಟೆಯ ಜಾಗಕ್ಕೆ ಬಂದ ನಾಲ್ಕು-ಚಕ್ರ-ಚಾಲನೆಯ ವಾಹನಗಳನ್ನೂ ಅವರು ಕಾರಣವಾಗಿ ಎತ್ತಿ ತೋರಿಸಿದರು. ಈ ಬದಲಾವಣೆಗೆ ಅವರಿಟ್ಟ ಹೆಸರು ‘ಟೊಯೊಟಾೀಕರಣ’. ಸಹಾರಾದ ಧೂಳು ಅಟ್ಲಾಂಟಿಕ್ ಸಾಗರ ದಾಟಿ ಕೆರಿಬಿಯನ್ ದ್ವೀಪಗಳ ಮೇಲೂ ಬೀಳುತ್ತದೆ. ವರ್ಷಕ್ಕೆ ಎರಡು-ಮೂರು ವಾರ ನಡೆಯುವ ಒಂದು ಓಟವೇ ಇಷ್ಟಕ್ಕೆಲ್ಲ ಹೊಣೆಯೆಂದರೆ ಅದು ಅತಿಶಯೋಕ್ತಿಯಾದೀತು. ಓಟದ ದೊಡ್ಡ ಹಾನಿ ಬೇರೆ ಬಗೆಯದು. ಮರಳುದಿಬ್ಬದ ಮೇಲೆ ಹಾರುವ ಕಾರಿನ ಚಿತ್ರವನ್ನು ಅದು ಮೂವತ್ತು ವರ್ಷ ಮನೆಮನೆಗೂ ತಲುಪಿಸಿತು. ದಾರಿಯಿಲ್ಲದ ನೆಲ ಕಂಡರೆ ಅದು ಗಾಡಿ ಹತ್ತಿಸಲೆಂದೇ ಇರುವುದು ಎಂಬ ಭಾವನೆ ಅಲ್ಲಿಂದ ಬಹುದೂರ ಹರಡಿತು. ಮಳೆಗಾಲದಲ್ಲಿ ಶೋಲಾ ಹುಲ್ಲುಗಾವಲಿನ ಮೇಲೆ ಬಿದ್ದ ಜೀಪಿನ ಗಾಲಿಯ ಗುರುತನ್ನು ನೋಡಿದವರಿಗೆ ಇದರ ವಿವರಣೆ ಬೇಡ.

ಓಟವನ್ನು ಆಫ್ರಿಕಾದಿಂದ ಎಬ್ಬಿಸಿದ್ದು ಪರಿಸರವಾದಿಗಳಲ್ಲ, ಬಂದೂಕು. 1991ರಲ್ಲಿ ಟುವಾರೆಗರ ಬಂಡಾಯದ ಹೊತ್ತಿನಲ್ಲಿ ಮಾಲಿಯಲ್ಲಿ ನೆರವಿನ ಲಾರಿಯ ಚಾಲಕನೊಬ್ಬ ಗುಂಡಿಗೆ ಬಲಿಯಾದ. 1996ರಲ್ಲಿ ಇನ್ನೊಬ್ಬ ಚಾಲಕ ನೆಲಬಾಂಬು ಸಿಡಿದು ಸತ್ತ. 2000ದಲ್ಲಿ ಡಾಕರ್‌ನಿಂದ ಕೈರೋಗೆ ಹೊರಟಿದ್ದ ಓಟಕ್ಕೆ ನೈಜರ್‌ನಲ್ಲಿ ದಾಳಿಯ ಭೀತಿ ಎದುರಾದಾಗ, ಸ್ಪರ್ಧಿಗಳನ್ನೂ ವಾಹನಗಳನ್ನೂ ದೈತ್ಯ ಅಂಟೊನೊವ್ ವಿಮಾನಗಳಲ್ಲಿ ತುಂಬಿ ಲಿಬಿಯಾಕ್ಕೆ ಸಾಗಿಸಿದರು. ಅಪಾಯ ಬಂದರೆ ಎತ್ತಿಕೊಂಡು ಹೋಗಲು ಬಂದ ಆ ವಿಮಾನಗಳಲ್ಲಿ ನೈಜರ್‌ನವರಿಗೆ ಜಾಗವಿರಲಿಲ್ಲ. ಅವರಿಗೆ ಅದು ಊರು. 2007ರ ಡಿಸೆಂಬರ್ 24ರಂದು ಮಾರಿಟೇನಿಯಾದಲ್ಲಿ ನಾಲ್ವರು ಫ್ರೆಂಚ್ ಪ್ರವಾಸಿಗರ ಕೊಲೆಯಾಯಿತು. 2008ರ ಜನವರಿ 4ರಂದು, ಲಿಸ್ಬನ್ ನಗರದಲ್ಲಿ ಐನೂರಕ್ಕೂ ಹೆಚ್ಚು ವಾಹನಗಳು ಮರುದಿನದ ಆರಂಭಕ್ಕೆ ಕಾದು ನಿಂತಿರುವಾಗ, ಓಟ ರದ್ದಾಯಿತು. 2007ರದ್ದೇ ಆಫ್ರಿಕಾದಲ್ಲಿ ಅದರ ಕೊನೆಯ ಓಟ.

2009ರಿಂದ 2019ರವರೆಗೆ ಓಟ ದಕ್ಷಿಣ ಅಮೆರಿಕದಲ್ಲಿ ನಡೆಯಿತು. ಚಿಲಿಯ ಅಟಕಾಮಾ ಮರುಭೂಮಿಯಲ್ಲಿ ಪ್ರಾಚೀನ ಜನವಸತಿಯ ಕುರುಹುಗಳಿಗೆ ಚಕ್ರಗಳಿಂದ ಹಾನಿಯಾದದ್ದನ್ನು ಅಲ್ಲಿನ ಸ್ಮಾರಕ ರಕ್ಷಣಾ ಮಂಡಳಿ ದಾಖಲಿಸಿತು. ಅಲ್ಲಿಯೂ ಖಾಲಿ ನೆಲವೆಂದು ಬಗೆದದ್ದು ಖಾಲಿಯಿರಲಿಲ್ಲ. 2015ರಲ್ಲಿ ಬೆಂಗಳೂರಿನ ಸಿ.ಎಸ್. ಸಂತೋಷ್ ಈ ಓಟವನ್ನು ಪೂರೈಸಿದ ಮೊದಲ ಭಾರತೀಯರಾದಾಗ ಕನ್ನಡದ ಪತ್ರಿಕೆಗಳೂ ಹೆಮ್ಮೆಯಿಂದ ಬರೆದವು. 36ನೆಯ ಸ್ಥಾನ ಪಡೆದ ಆ ಸಾಧನೆ ಸಣ್ಣದಲ್ಲ. 2021ರಲ್ಲಿ ಅದೇ ಓಟದಲ್ಲಿ ಅವರು ಬಿದ್ದು ತೀವ್ರವಾಗಿ ಗಾಯಗೊಂಡರು. ಆಗ ಓಟ ನಡೆಯುತ್ತಿದ್ದುದು ಸೌದಿ ಅರೇಬಿಯಾದಲ್ಲಿ. 2020ರಲ್ಲಿ ಅದು ಅಲ್ಲಿಗೆ ಸ್ಥಳಾಂತರಗೊಂಡಿತ್ತು. ಡಾಕರ್ ನಗರದಿಂದ ಸಾವಿರಾರು ಮೈಲಿ ದೂರದಲ್ಲಿ ನಡೆದರೂ ಹೆಸರು ಮಾತ್ರ ಡಾಕರ್. ಊರು ಬಿಟ್ಟವರು ಊರಿನ ಹೆಸರನ್ನು ಕಟ್ಟಿಕೊಂಡು ಹೋದರು. ಅದು ಬೆಲೆಬಾಳುವ ಸರಕಾಗಿತ್ತು.

ಬಿಟ್ಟುಹೋದ ಕಡೆ ಏನಾಯಿತು? ಮಾರಿಟೇನಿಯಾದ ಅತಾರ್ ಪಟ್ಟಣದ ಸುತ್ತ ಪ್ರವಾಸಿಗರನ್ನು ನಂಬಿ ಬದುಕುತ್ತಿದ್ದ ಮಾರ್ಗದರ್ಶಿಗಳು, ಒಂಟೆಯವರು, ವಸತಿಗೃಹದವರು ಬರಿಗೈಯಾದರು. ಓಟವನ್ನು ಟೀಕಿಸುವವರು ಈ ಮಾತನ್ನು ಮುಚ್ಚಿಡಬಾರದು. ಬರದಲ್ಲಿ ಹಿಂಡು ಕಳೆದುಕೊಂಡ ಮನೆಗಳಿಗೆ ಪ್ರವಾಸಿಯ ಹಣ ಬಂದಿತ್ತು, ಅದೂ ಹೋಯಿತು. ಓಟದ ಹಳೆಯ ವಿಜೇತರಾದ ಯೂಬರ್ ಓರಿಯೋಲ್, ರೆನೆ ಮೆಟ್ಜ್ ‘ಆಫ್ರಿಕಾ ಇಕೋ ರೇಸ್’ ಎಂಬ ಇನ್ನೊಂದು ಓಟವನ್ನು ಹುಟ್ಟುಹಾಕಿ ಹಳೆಯ ದಾರಿಯಲ್ಲೇ ಡಾಕರ್‌ವರೆಗೆ ನಡೆಸಿದರು. ಡೀಸೆಲ್ ಸುಡುವ ಓಟಕ್ಕೆ ‘ಇಕೋ’ ಎಂಬ ಹೆಸರನ್ನು ಇಡಬೇಕಾಗಿ ಬಂದದ್ದನ್ನು ಚಳವಳಿಗಳ ಗೆಲುವೆನ್ನಬೇಕೋ ಸೋಲೆನ್ನಬೇಕೋ ತಿಳಿಯದು.

ಡಾಕರ್‌ನ ಹೊರವಲಯದಲ್ಲಿ ರೆಟ್ಬಾ ಎಂಬ ಸರೋವರವಿದೆ. ವರ್ಷಗಳ ಕಾಲ ಓಟದ ಕೊನೆಯ ಗೆರೆ ಅದರ ದಂಡೆಯಲ್ಲಿತ್ತು. ಉಪ್ಪುನೀರಿನಲ್ಲಿ ಬೆಳೆಯುವ ಪಾಚಿಯಿಂದಾಗಿ ಗುಲಾಬಿ ಬಣ್ಣ ತಾಳುವ ಆ ನೀರನ್ನು ಹಿನ್ನೆಲೆಯಾಗಿಟ್ಟುಕೊಂಡು ವಿಜೇತರು ಷಾಂಪೇನ್ ಚಿಮ್ಮಿಸುವ ಚಿತ್ರಗಳು ಜಗತ್ತಿನ ಪತ್ರಿಕೆಗಳಲ್ಲಿ ಬಂದವು. ಚಿತ್ರದ ಅಂಚಿನಲ್ಲಿ ಕೆಲವೊಮ್ಮೆ ಬಿಳಿಯ ಗುಡ್ಡೆಗಳು ಕಾಣುತ್ತವೆ. ಅವು ಉಪ್ಪಿನ ರಾಶಿಗಳು. ಉಪ್ಪು ಮೈಯನ್ನು ತಿನ್ನದಂತೆ ಶಿಯಾ ಮರದ ಬೀಜದ ಬೆಣ್ಣೆ ಸವರಿಕೊಂಡು, ಎದೆಮಟ್ಟದ ನೀರಿಗಿಳಿದು, ತಳವನ್ನು ಕೋಲಿನಿಂದ ಕುಟ್ಟಿ, ಬುಟ್ಟಿಯಲ್ಲಿ ಉಪ್ಪೆತ್ತಿ ದೋಣಿಗೆ ತುಂಬುವುದು ಗಂಡಸರ ಕೆಲಸ. ದೋಣಿ ದಡ ಮುಟ್ಟಿದ ಮೇಲೆ ಅದನ್ನು ತಲೆಯ ಮೇಲೆ ಹೊತ್ತು ರಾಶಿ ಹಾಕುವುದು ಹೆಂಗಸರ ಕೆಲಸ. ಓಟ ಬಂದ ವರ್ಷಗಳಲ್ಲಿಯೂ, ಬಾರದ ವರ್ಷಗಳಲ್ಲಿಯೂ ಆ ದುಡಿಮೆ ನಡೆಯಿತು. 2022ರ ಮಳೆಗಾಲದಲ್ಲಿ ನಗರದ ಕಡೆಯಿಂದ ಪ್ರವಾಹದ ನೀರು ಬಂದು ಸರೋವರವನ್ನು ಸೇರಿತು. ಗುಲಾಬಿ ಬಣ್ಣ ಮಾಸಿತು, ದಂಡೆಯಲ್ಲಿದ್ದ ಉಪ್ಪಿನ ರಾಶಿಗಳು ಕರಗಿಹೋದವು. ಆ ಸುದ್ದಿ ಹೊರಗೆ ಅಲ್ಲಲ್ಲಿ ಸಣ್ಣದಾಗಿ ಬಂತು. ಬಹಳ ಪತ್ರಿಕೆಗಳು ಸರೋವರದ ಗುರುತು ಹೇಳಲು, ಡಾಕರ್ ರ‍್ಯಾಲಿ ಮುಗಿಯುತ್ತಿದ್ದ ಜಾಗವಿದು ಎಂದು ಬರೆದವು.